ಕೀವಿನಲ್ಲಿ ಕಂಡ ದ್ರಾಕ್ಷಿ ಗೊಂಚಲು

ವಿಜಯಪುರದ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಕೀವು ಅಂದ್ರೆ ಬರೀ ಹೊಲಸು ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ತಿಕೋಟಾ ಕಡೆಯ ಒಬ್ಬ ರೈತರ ಸ್ಲೈಡು ನೋಡಿದ ಮೇಲೆ ಆ ಮಾತು ಬಿಟ್ಟೆ.

ಹಿಮ್ಮಡಿಗೆ ಜಾಲಿ ಮುಳ್ಳು ಚುಚ್ಚಿ, ಬಾತು, ಕೀವು ತುಂಬಿತ್ತು. ಡಾಕ್ಟರು ಕೊಯ್ದು ಕೀವು ಕಳಿಸಿದ್ದರು. ಸ್ಲೈಡಿಗೆ ಸವರಿ, ಒಣಗಿಸಿ, ಮೂರು ಸಲ ಬೆಂಕಿಯ ಮೇಲೆ ಹಾಯಿಸಿ ಗ್ರಾಂ ಸ್ಟೇನ್ ಮಾಡಿದೆ, ಅಂದ್ರೆ ಬ್ಯಾಕ್ಟೀರಿಯಾ ಕಾಣಲಿ ಅಂತ ಬಣ್ಣ ಹಾಕಿ ತೊಳೆದೆ. ಮೊದಲನೆಯದು ಕೆಟ್ಟಿತು. ದಪ್ಪಗೆ ಸವರಿದ್ದೆ, ಎಷ್ಟು ತೊಳೆದರೂ ನೇರಳೆ ಬಣ್ಣ ಬಿಡಲೇ ಇಲ್ಲ. ಎರಡನೆಯದನ್ನು ತೆಳ್ಳಗೆ ಎಳೆದೆ.

ಎಣ್ಣೆ ಹನಿ ಹಾಕಿ ನೂರರ ಲೆನ್ಸ್ ಇಳಿಸಿದಾಗ ಗುಲಾಬಿ ಬಣ್ಣದ ನ್ಯೂಟ್ರೋಫಿಲ್‌ಗಳು, ಅಂದ್ರೆ ಬಿಳಿ ರಕ್ತಕಣಗಳು, ತುಂಬಿಕೊಂಡಿದ್ದವು. ಒಂದರ ಹೊಟ್ಟೆಯಲ್ಲಿ ನೇರಳೆ ಚುಕ್ಕೆಗಳು, ಅವೇ ಬ್ಯಾಕ್ಟೀರಿಯಾ. ಎಣಿಸಿದೆ, 11 ಇದ್ದವು. ಹೊರಗೆ ಅವೇ ಚುಕ್ಕೆಗಳು ಗೊಂಚಲಾಗಿ ಕೂತಿದ್ದವು. ನಮ್ಮ ಕಡೆ ಹುಟ್ಟಿದವರಿಗೆ ಅದು ದ್ರಾಕ್ಷಿ ಗೊಂಚಲೇ! ಸ್ಕಾಟ್ಲೆಂಡಿನ ಸರ್ಜನ್ ಅಲೆಕ್ಸಾಂಡರ್ ಆಗ್‌ಸ್ಟನ್‌ಗೂ 1880ರ ದಶಕದಲ್ಲಿ ಕೀವಿನೊಳಗೆ ಹಾಗೇ ಕಂಡು, ದ್ರಾಕ್ಷಿ ಗೊಂಚಲಿನ ಗ್ರೀಕ್ ಹೆಸರನ್ನೇ ಸೇರಿಸಿ ಸ್ಟ್ಯಾಫಿಲೋಕಾಕಸ್ ಅಂತ ಕರೆದರು.

ಕಣ ಬ್ಯಾಕ್ಟೀರಿಯಾವನ್ನು ಸುಮ್ನೆ ನುಂಗಿ ಕೂರುವುದಿಲ್ಲ. ತನ್ನದೇ ಪೊರೆಯ ಚೀಲದಲ್ಲಿ ಅದನ್ನು ಕಟ್ಟಿ, ಅದರೊಳಕ್ಕೆ ಕಿಣ್ವಗಳನ್ನು ಸುರಿಯುತ್ತದೆ, ಆಮ್ಲಜನಕದಿಂದ ಹೈಡ್ರೋಜನ್ ಪೆರಾಕ್ಸೈಡ್ ಮಾಡಿಕೊಂಡು ಅದರಿಂದ ಬ್ಲೀಚಿನಲ್ಲಿರುವಂಥದೇ ಆಮ್ಲ ತಯಾರಿಸುತ್ತದೆ. ಆ ಕೆಲಸ ಮಾಡುವ ಕಿಣ್ವದ ಬಣ್ಣ ಹಸಿರು. ಕೀವು ಕೆಲವು ಸಲ ಹಸಿರಾಗಿ ಕಾಣೋದು ಅದರಿಂದಲೂ ಹೌದು. ಹೀಗೆ ಹೋರಾಡಿ ಸತ್ತ ಕಣಗಳೇ ಕೀವಿನಲ್ಲಿ ಜಾಸ್ತಿ ಇರುತ್ತವೆ.

ಆದರೆ ಸ್ಟ್ಯಾಫ್ ಸುಲಭಕ್ಕೆ ಸಾಯುವುದಿಲ್ಲ. ಮರುದಿನ ಬ್ಲಡ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸಲು ರಕ್ತ ಬೆರೆಸಿದ ಜೆಲ್ಲಿ) ಮೇಲೆ ಬೆಳೆದ ಕಾಲೊನಿಯ, ಅಂದ್ರೆ ಬ್ಯಾಕ್ಟೀರಿಯಾ ಗುಂಪಿನ, ಮೇಲ್ಭಾಗವನ್ನಷ್ಟೇ ಕಡ್ಡಿಯಲ್ಲಿ ತೆಗೆದೆ. ಕೆಳಗಿನ ರಕ್ತ ಸೇರಿದರೆ ಟೆಸ್ಟ್ ಮೋಸ ಮಾಡುತ್ತದೆ. ಒಂದು ಹನಿ ಪೆರಾಕ್ಸೈಡ್ ಹಾಕಿದ ತಕ್ಷಣ ಬುಳುಬುಳು ನೊರೆ ಬಂತು. ಅದು ಕ್ಯಾಟಲೇಸ್. ಕಣ ಸುರಿದ ಪೆರಾಕ್ಸೈಡನ್ನು ನೀರು, ಆಮ್ಲಜನಕವಾಗಿ ಒಡೆದು ಹಾಕುವ ಕಿಣ್ವ. ಒಳಗೆ ಎಂಥ ಜಗಳ ನಡೆದಿರಬೇಕು ಅಲ್ವಾ?

ರಿಪೋರ್ಟಿನಲ್ಲಿ ನಾವು ಬರೆಯೋದು ‘ಪಸ್ ಸೆಲ್ಸ್ ಪ್ಲೆಂಟಿ’ (ಕೀವಿನ ಕಣಗಳು ಬಹಳ) ಅಂತ ಅಷ್ಟೇ. ಅದನ್ನು ಒಯ್ಯಲು ಆ ರೈತರು ಕುಂಟುತ್ತಲೇ ಬಂದಾಗ ಸ್ಲೈಡು ತೋರಿಸಿದೆ. ತುಂಬಾ ಹೊತ್ತು ನೋಡಿ, “ಇವೆಲ್ಲಾ ನನ್ನ ಸಲುವಾಗಿ ಸತ್ತಾವೇನ್ರಿ ಅಕ್ಕಾರ?” ಅಂದರು. ಹೂಂ ಅಂದೆ. ಮತ್ತೆ ಬಗ್ಗಿ ಕಣ್ಣಿಟ್ಟರು.