ಬೇರೆಯವರ ಮನೆ ಸಾಕೆಟ್‌ಗೆ ಗ್ರೈಂಡರ್ ಸಿಕ್ಕಿಸುವ ಮೊದಲು

ನನ್ನದು ಮಾಡಿನ ಶೀಟು, ಅದನ್ನು ಹೊರುವ ಕಬ್ಬಿಣದ ಟ್ರಸ್ಸು, ಗೇಟು, ಗ್ರಿಲ್ಲಿನ ಕೆಲಸ, ಕಾಸರಗೋಡಿನ ಬದಿಯಡ್ಕ ಪೆರ್ಲ ನೀರ್ಚಾಲು ಮುಳ್ಳೇರಿಯ ಕಡೆಗೆ ಜಾಸ್ತಿ. ಹಾಗಾಗಿ ಗ್ರೈಂಡರ್, ಡ್ರಿಲ್, ಕಟಾಫ್ ಮೆಷಿನ್ ಎಲ್ಲ ಓಡುದು ಬೇರೆಯವರ ಮನೆಯ ಕರೆಂಟಿನಲ್ಲಿ, ಆ ಸಾಕೆಟ್ ಹಿಂದೆ ಎಂತ ಉಂಟು ಅಂತ ಮನೆಯವರಿಗೂ ಸರಿ ಗೊತ್ತಿರುದಿಲ್ಲ. ಅರ್ತ್, ಅಂದ್ರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವಯರ್, ಉಂಟಾ ಅಂತ ಕೇಳಿದ್ರೆ "ಅರ್ತ್ ಎಲ್ಲ ಉಂಟು ಮಾರಾಯ್ರೆ, ಉಪ್ಪು ಇದ್ದಿಲು ಹಾಕಿ ಪೈಪ್ ಹುಗಿದದ್ದು" ಅಂತಾರೆ. ಯಾವಾಗ ಅಂದ್ರೆ ಅಪ್ಪನ ಕಾಲದಲ್ಲಿ.

ನಮ್ಮ ಊರಿನ ಪದವಿನ, ಅಂದ್ರೆ ಗುಡ್ಡದ ಮೇಲಿನ ಬಯಲಿನ, ಮಣ್ಣು ನಿಮಗೆ ಗೊತ್ತುಂಟಲ್ಲ, ಮೇಲೆ ನಾಲ್ಕು ಬೆರಳು ಮಣ್ಣು, ಕೆಳಗೆ ಪೂರಾ ಮುರಕಲ್ಲು. ಮಳೆಗಾಲದಲ್ಲಿ ಅರ್ತ್ ಹೇಗೋ ನಡೀತದೆ, ಏಪ್ರಿಲ್ ಮೇಯಲ್ಲಿ ಆ ಗುಂಡಿ ಒಣಗಿ ಕಲ್ಲಾಗಿರ್ತದೆ, ನಮ್ಮ ಶೀಟಿನ ಕೆಲಸ ಜೋರು ಇರುದೂ ಆಗಲೇ, ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಮುಗಿಸಿ ಕೊಡಿ ಅಂತ ಎಲ್ಲರದ್ದೂ ಒಂದೇ ರಾಗ. ಫೇಸ್‌ನಿಂದ ಅರ್ತಿಗೆ 100 ವಾಟ್ ಬಲ್ಬ್ ಹಿಡಿದು ಹೊತ್ತಿತು, ಅರ್ತ್ ಸರಿ ಉಂಟು ಅನ್ನುವವರು ಈಗಲೂ ಇದ್ದಾರೆ. ಅದನ್ನು ನಾನು ನಂಬುದಿಲ್ಲ. ಲೆಕ್ಕ ಹಾಕಿ ನೋಡಿ, ಅರ್ತಿನ ರೆಸಿಸ್ಟೆನ್ಸ್ 50 ಓಮ್ ಇದ್ರೂ ಬಲ್ಬ್ ಎಳೆಯುದು ಅರ್ಧ ಆಂಪಿಯರಿಗಿಂತ ಕಮ್ಮಿ, ಅದಕ್ಕೆ 210 ವೋಲ್ಟ್ ಹತ್ತಿರ ಸಿಗ್ತದೆ, ಚೆಂದ ಹೊತ್ತುತ್ತದೆ. ಆದ್ರೆ ಮೆಷಿನಿನ ಬಾಡಿಗೆ ಫೇಸ್ ತಾಗಿದ್ರೆ ಅದೇ 50 ಓಮಿನಲ್ಲಿ ಹರಿಯುದು 230 ಭಾಗ 50, ಅಂದ್ರೆ 4.6 ಆಂಪಿಯರ್. 16 ಆಂಪಿಯರಿನ ಎಂಸಿಬಿ, ಅಂದ್ರೆ ಕರೆಂಟ್ ಜಾಸ್ತಿ ಹರಿದ್ರೆ ತನ್ನಷ್ಟಕ್ಕೆ ಬೀಳುವ ಸ್ವಿಚ್, ಅದಕ್ಕೆ ಎಂದಾದ್ರೂ ಬೀಳ್ತದಾ? ಬೀಳುದಿಲ್ಲ. ಬಾಡಿಯಲ್ಲಿ ಕರೆಂಟ್ ಹಾಗೇ ಕೂತಿರ್ತದೆ, ಮುಟ್ಟುವವನಿಗೆ ಕಾದು. ಎಂಸಿಬಿ ಇರುದು ವಯರ್ ಸುಡದ ಹಾಗೆ ನೋಡ್ಲಿಕ್ಕೆ, ಮನುಷ್ಯನನ್ನು ನೋಡ್ಲಿಕ್ಕೆ ಅಲ್ಲ.

ಅದಕ್ಕೇ ನಾನು ನನ್ನದೇ ಒಂದು ಬೋರ್ಡ್ ತಕೊಂಡು ಹೋಗುದು. ಪ್ಲಾಸ್ಟಿಕ್ ಬಾಕ್ಸ್, ಅದರೊಳಗೆ ಎರಡು ಪೋಲಿನ 25 ಆಂಪಿಯರ್ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ನಮ್ಮಲ್ಲಿ ಎಲ್ಲರೂ ಇಎಲ್‌ಸಿಬಿ ಅಂತಲೇ ಹೇಳುದು, ಅದರ ಜೊತೆಗೆ 16 ಆಂಪಿಯರಿನ ಎಂಸಿಬಿ, ಹೊರಗೆ ಎರಡು ಸಾಕೆಟ್. ವಯರಿಂಗ್ ಮಾಡಿಕೊಟ್ಟದ್ದು ಲೈಸೆನ್ಸ್ ಇರುವ ವಯರ್‌ಮನ್. ಈ ಆರ್‌ಸಿಸಿಬಿ ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ನೋಡ್ತಾ ಇರ್ತದೆ, ಆ 30 ಮಿಲಿ ಆಂಪಿಯರಿನಷ್ಟು ಕಮ್ಮಿ ಬಂದ್ರೆ ಕಟ್. ಹಾಗಾಗಿ ಆ ಮನೆಯ ಅರ್ತ್ ಹಾಳಾಗಿದ್ರೂ ನಮ್ಮ ಮೈಯ ಮೂಲಕ ನೆಲಕ್ಕೆ ಹರಿದ್ರೆ ಅದಕ್ಕೆ ಗೊತ್ತಾಗ್ತದೆ. ಒಂದು ಕೈಯಲ್ಲಿ ಫೇಸ್ ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಮಾತ್ರ ಅದೂ ಉಳಿಸುದಿಲ್ಲ, ಅದರ ಕಣ್ಣಿಗೆ ಅವನೂ ಒಂದು ಬಲ್ಬೇ. ಬೆಳಿಗ್ಗೆ ಸಾಕೆಟ್‌ಗೆ ಹಾಕಿದ ಕೂಡ್ಲೇ ಟೆಸ್ಟ್ ಬಟನ್ ಒತ್ತುದು, ಬೀಳದಿದ್ರೆ ಆ ದಿನ ಆ ಬೋರ್ಡಿನಲ್ಲಿ ಕೆಲಸ ಇಲ್ಲ. ಬಟನ್ ಸರಿ ಬಿತ್ತು ಅಂದ್ರೆ ಅರ್ತ್ ಸರಿ ಉಂಟು ಅಂತ ಅರ್ಥ ಅಲ್ಲ, ಅದು ಬೇರೆ ಇದು ಬೇರೆ.

ಸಣ್ಣ ಗ್ರೈಂಡರಿನ ಲೇಬಲ್‌ನಲ್ಲಿ ಚೌಕದ ಒಳಗೆ ಚೌಕ ಇರುವ ಗುರ್ತು ನೋಡಿರ್ಬಹುದು, ಡಬಲ್ ಇನ್ಸುಲೇಶನ್, ಅದಕ್ಕೆ ಎರಡೇ ವಯರ್, ಅರ್ತ್ ಬೇಡ. ಲೋಕಲ್ ಕಟಾಫ್ ಮೆಷಿನ್, ಕಬ್ಬಿಣದ ಬಾಡಿಯ ಹಳೆ ಡ್ರಿಲ್ ಇಂಥದ್ದಕ್ಕೆ ಮೂರು ಪಿನ್ ಬೇಕೇ ಬೇಕು, ಆ ದಪ್ಪದ ಪಿನ್ ಮುರಿದು ಎರಡು ತೂತಿನ ಸಾಕೆಟ್‌ಗೆ ಹಾಕುವವರ ಜೊತೆ ನಾನು ಕೆಲಸಕ್ಕೆ ಹೋಗುದಿಲ್ಲ. ಪ್ಲಗ್ಗೇ ಇಲ್ಲದೆ ವಯರ್ ತುದಿ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವ ವಿದ್ಯೆಯ ಬಗ್ಗೆ ಹೇಳ್ಲಿಕ್ಕೇ ಇಲ್ಲ.

ಟ್ರಸ್ಸಿನ ಮೇಲೆ ಹತ್ತಿದ ಮೇಲೆ ಲೆಕ್ಕ ಪೂರಾ ಬೇರೆ. ಕಂಬ ನೆಲದಲ್ಲಿ ಹುಗಿದದ್ದು, ನಾವು ಕಬ್ಬಿಣದ ಮೇಲೆ ಕೂತದ್ದು, ಒಂದು ಕೈ ಪೈಪಿನಲ್ಲಿ, ಮೈಯೆಲ್ಲ ಬೆವರು. ಕೆಳಗೆ ಒಣ ಚಪ್ಪಲಿ ಹಾಕಿ ನಿಂತವನಿಗೆ ಚುರ್ ಅಂತ ಅಷ್ಟೇ ಆಗುದು, ಮೇಲೆ ಕೂತವನಿಗೆ ಕೈ ಬಿಡಿಸ್ಲಿಕ್ಕೆ ಆಗದ ಹಾಗೆ ಹಿಡೀತದೆ, ಬಿಟ್ರೆ ಮತ್ತೆ ಕೆಳಗೆ ಬೀಳುದು. ಕತ್ತರಿಸಿದ ಶೀಟಿನ ಅಂಚು ಬ್ಲೇಡಿನ ಹಾಗೆ ಇರ್ತದೆ, ವಯರ್ ಅದರ ಮೇಲೆ ಎಳೆದಾಡಿದ್ರೆ ಇನ್ಸುಲೇಶನ್ ಹೋಗಿ ಇಡೀ ಟ್ರಸ್ಸಿಗೆ ಕರೆಂಟ್. ಹಾಗಾಗಿ ವಯರನ್ನು ಹಗ್ಗದಲ್ಲಿ ಎತ್ತಿ ಕಟ್ಟಿಯೇ ಕೆಲಸ. ಟೇಪ್ ಸುತ್ತಿದ ಜಾಯಿಂಟ್ ಮೇಲಕ್ಕೆ ಬರ್ಲಿಕ್ಕಿಲ್ಲ, ಅಲ್ಲಿಗೆ ಕತ್ತರಿಸಿ ಹೊಸ ಪ್ಲಗ್ ಹಾಕುದೇ.

ಎಕ್ಸ್‌ಟೆನ್ಶನ್ 2.5 ಸ್ಕ್ವೇರ್ ಎಂಎಂ, ಮೂರು ಕೋರಿನದ್ದು. 1 ಸ್ಕ್ವೇರಿನದ್ದು ಅಗ್ಗ, ಆದ್ರೆ 50 ಮೀಟರ್ ಎಳೆದು 1400 ವಾಟಿನ ಕಟ್ಟರ್ ಓಡಿಸಿದ್ರೆ ವಯರಿನಲ್ಲೇ ಹತ್ತು ಹನ್ನೆರಡು ವೋಲ್ಟ್ ಹೋಗ್ತದೆ, ಸಂಜೆ ಹೊತ್ತು ನಮ್ಮಲ್ಲಿ ವೋಲ್ಟೇಜ್ ಮೊದಲೇ ಕಮ್ಮಿ. ಡ್ರಮ್ಮಿನಲ್ಲಿ ಸುತ್ತಿದ್ದು ಪೂರ್ತಿ ಬಿಚ್ಚಿ ಹಾಕ್ಬೇಕು, ಸುತ್ತಿಟ್ಟಲ್ಲೇ ಬಿಸಿಯಾಗಿ ಕರಗ್ತದೆ.

ಮತ್ತೊಂದು, ಕರೆಂಟ್ ಹೋಗುದು. ಗ್ರೈಂಡರಿನ ಸ್ವಿಚ್ ಲಾಕ್ ಮಾಡಿಟ್ಟಿರ್ತೇವೆ, ಕರೆಂಟ್ ಹೋಯ್ತು, ಚಾ ಕುಡೀಲಿಕ್ಕೆ ಇಳಿದೆವು, ಕರೆಂಟ್ ವಾಪಸ್ ಬಂದ ಕೂಡ್ಲೇ ಗ್ರೈಂಡರ್ ತನ್ನಷ್ಟಕ್ಕೆ ತಿರುಗಿ ಹಾರ್ತದೆ. ನಮ್ಮ ಟೀಮಿನಲ್ಲಿ ಕರೆಂಟ್ ಹೋದ್ರೆ ಮೊದಲು ಲಾಕ್ ಬಿಡಿಸಿ ಪ್ಲಗ್ ತೆಗೀಬೇಕು, ಚಾ ಮತ್ತೆ. ಡಿಸ್ಕ್ ಬದಲಿಸುವಾಗಲೂ ಪ್ಲಗ್ ತೆಗೆದೇ.

ಮಳೆ ಬಂದ್ರೆ ಕೆಲಸ ನಿಲ್ಲಿಸುದು. ಮಾಲೀಕರು ಎಂತ ಹೇಳಿದ್ರೂ ಸರಿ. ಒದ್ದೆಯಾದ ಮೆಷಿನನ್ನು ಮರುದಿನವೇ ಓಡಿಸುದಿಲ್ಲ, ಒಳಗೆ ಕಾರ್ಬನ್ ಪುಡಿ, ಕಬ್ಬಿಣದ ಪುಡಿ ಇರ್ತದೆ, ಅದಕ್ಕೆ ನೀರು ಸೇರಿದ್ರೆ ಡಬಲ್ ಇನ್ಸುಲೇಶನ್ ಅಂತ ಬರೆದದ್ದು ಬರೀ ಬರಹ. ಬಿಚ್ಚಿ, ಊದಿ, ಒಣಗಿಸಿದ ಮೇಲೆ ಸಾಕು.

ಆರ್‌ಸಿಸಿಬಿ ಬಿದ್ರೆ ಹುಡುಗರು "ಅಣ್ಣ, ಇದು ಸುಮ್ಮನೆ ಬೀಳುದು, ಡೈರೆಕ್ಟ್ ಕೊಡುವನಾ" ಅಂತಾರೆ. ಕೊಡುದಿಲ್ಲ. ಎಲ್ಲ ಪ್ಲಗ್ ತೆಗೆದು ಸ್ವಿಚ್ ಎತ್ತುದು, ನಿಂತ್ರೆ ಒಂದೊಂದೇ ಮೆಷಿನ್ ಹಾಕಿ ನೋಡುದು, ಯಾವುದಕ್ಕೆ ಬೀಳ್ತದೋ ಅದನ್ನು ಗಾಡಿಯಲ್ಲಿ ಹಾಕುದು, ಉಳಿದದ್ದರಲ್ಲಿ ಕೆಲಸ.