ಭೇದಿಯಿಂದ ಏಳುತ್ತಿರುವ ಕರುವಿಗೆ ಏನು ಕೊಡಬೇಕು

ಶಿರಸಿ ಸೀಮೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಕೊಟ್ಟಿಗೆಯ ನೆಲ ಒಣಗುವುದೇ ಇಲ್ಲ, ಎಳೆಗರುಗಳಿಗೆ ಭೇದಿ ಹಿಡಿಯುವುದೂ ಹೆಚ್ಚಾಗಿ ಆ ದಿನಗಳಲ್ಲಿಯೇ. ವೈದ್ಯರು ಬಂದು ಔಷಧ ಕೊಟ್ಟು ಹೋದ ಮೇಲೆ ಕರುವಿನ ಹೊಟ್ಟೆಯನ್ನು ನೋಡಿಕೊಳ್ಳುವ ಹೊಣೆ ಮನೆಯವರದು.

ಭೇದಿಯಾದರೆ ಹಾಲು ಬಿಡಿಸಬೇಕೆಂಬ ನಂಬಿಕೆ ನಮ್ಮಲ್ಲಿ ಹಳೆಯದು. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಒಂದು ಹೆಣ್ಣುಗರುವನ್ನು ಹಾಗೆಯೇ ಎರಡು ದಿನ ತಾಯಿಯಿಂದ ದೂರ ಕಟ್ಟಿ ಬರೀ ಗಂಜಿನೀರು ಕುಡಿಸಿದ್ದೆ; ಭೇದಿ ನಿಂತಿತು, ಆದರೆ ಕರು ಮೇಲೇಳಲೇ ಇಲ್ಲ. ಎಳೆಗರುವಿನ ಮೈಯಲ್ಲಿ ಕೂಡಿಟ್ಟ ಕೊಬ್ಬು ತೀರ ಕಡಿಮೆ, ಆದ್ದರಿಂದ ಹಾಲು ತಪ್ಪಿದರೆ ಅದರ ಬಲ ಬೇಗನೆ ಬತ್ತಿಹೋಗುತ್ತದೆ. ಹಾಲಿಗೆ ನೀರು ಬೆರೆಸುವುದೂ ಸರಿಯಲ್ಲ, ಏಕೆಂದರೆ ಹಾಲು ಕರುವಿನ ನಾಲ್ಕು ಭಾಗದ ಹೊಟ್ಟೆಯಲ್ಲಿ ಕೊನೆಯದಾದ ನಾಲ್ಕನೆಯ ಹೊಟ್ಟೆಯಲ್ಲಿ ಹೆಪ್ಪುಗಟ್ಟಿ ನಿಧಾನವಾಗಿ ಅರಗಬೇಕು, ನೀರು ಬೆರೆತರೆ ಹೆಪ್ಪು ಸರಿಯಾಗಿ ಕಟ್ಟುವುದಿಲ್ಲ. ದಿನದ ಹಾಲು ಕರುವಿನ ತೂಕದ ಹತ್ತನೆಯ ಒಂದು ಪಾಲಿನಷ್ಟಿರಲಿ. 25 ಕಿಲೋ ತೂಗುವ ಮಿಶ್ರತಳಿಯ ಕರುವಿಗೆ 2.5 ಲೀಟರ್ ಹಾಲನ್ನು ಎರಡು ಹೊತ್ತಿನ ಬದಲು ನಾಲ್ಕು ಹೊತ್ತಿಗೆ ಹಂಚಿ, ಹಿಂಡಿದಾಗ ಇರುವಷ್ಟೇ ಬೆಚ್ಚಗೆ ಕೊಡಬೇಕು. ನಮ್ಮ ನಾಡತಳಿಯಾದ ಮಲೆನಾಡು ಗಿಡ್ಡದ ಕರು ಬಹಳ ಸಣ್ಣದು, ಅದಕ್ಕೆ ಈ 2.5 ಲೀಟರಿನ ಅಳತೆಯನ್ನು ಹಾಗೆಯೇ ಹಚ್ಚಬಾರದು.

ಭೇದಿಯಲ್ಲಿ ಕರು ಸೊರಗುವುದು ಮುಖ್ಯವಾಗಿ ಮೈಯ ನೀರು ಮತ್ತು ಉಪ್ಪು ಹೋಗುವುದರಿಂದ. ವೈದ್ಯರು ಕೊಡುವ ಪುಡಿ ಕೈಯಲ್ಲಿ ಇಲ್ಲದ ಹೊತ್ತಿನಲ್ಲಿ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಕೊಡಬಹುದು. ಇಲ್ಲಿ ಚಮಚವೆಂದರೆ ಚಹಾದ ಚಮಚ. ಹಾಲು ಕುಡಿದು ಎರಡು ತಾಸಾದ ಮೇಲೆಯೇ ಇದನ್ನು ಕೊಡಬೇಕು. ಕುತ್ತಿಗೆಯ ಚರ್ಮವನ್ನು ಹಿಡಿದೆತ್ತಿ ಬಿಟ್ಟಾಗ ಅದು ಕೂಡಲೇ ಮೊದಲಿನಂತಾಗದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಬಾಯಿಯೊಳಗೆ ಇಟ್ಟ ಬೆರಳಿಗೆ ತಣ್ಣಗೆ ತಾಗಿದರೆ ಅಥವಾ ಕರು ಆ ಬೆರಳನ್ನು ಚೀಪದಿದ್ದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಯಿರಿ. ಸಂಚಾರಿ ಪಶು ಚಿಕಿತ್ಸೆಗೆ 1962 ಸಂಖ್ಯೆಗೆ ಕರೆ ಮಾಡಬಹುದು. ಸಗಣಿಯಲ್ಲಿ ರಕ್ತ ಕಂಡರೂ ಹಾಗೆಯೇ.

ಹಾಲನ್ನು ಗೊಟ್ಟದಲ್ಲಿ (ದನಕ್ಕೆ ಔಷಧ ಕುಡಿಸುವ ಬಿದಿರಿನ ಕೊಳವೆ) ಹೊಯ್ಯಬೇಡಿ. ಕರು ತಾನಾಗಿ ಚೀಪಿದಾಗ ಗಂಟಲ ಕೆಳಗಿನ ಒಂದು ಕಾಲುವೆ ಮುಚ್ಚಿಕೊಂಡು ಹಾಲನ್ನು ನೇರವಾಗಿ ನಾಲ್ಕನೆಯ ಹೊಟ್ಟೆಗೆ ಮುಟ್ಟಿಸುತ್ತದೆ, ಬಲವಂತವಾಗಿ ಹೊಯ್ದ ಹಾಲು ಮೊದಲನೆಯ ಹೊಟ್ಟೆಗೆ ಬಿದ್ದು ಹುಳಿಯುತ್ತದೆ. ಕರುವಿನ ತಲೆಯನ್ನು ಮೇಲೆತ್ತಿ ಹಿಡಿದಿದ್ದರಂತೂ ಶ್ವಾಸಕೋಶಕ್ಕೇ ಇಳಿಯಬಹುದು.

ಮೇವು ತಿನ್ನಲು ಕಲಿತ ಕರುವಾದರೆ, ಸಗಣಿ ಗಟ್ಟಿಯಾಗತೊಡಗಿದ ಮೇಲೆ ಬ್ಯಾಣದ (ಹುಲ್ಲುಗಾವಲಿನ) ಮೆತ್ತಗಿನ ಕರಡವನ್ನು, ಅಂದರೆ ಒಣಹುಲ್ಲನ್ನು, ಒಂದು ಹಿಡಿಯಿಂದ ಆರಂಭಿಸಿ, ಬೂಷ್ಟು ಹಿಡಿದ ಬೈಹುಲ್ಲನ್ನು ಹತ್ತಿರವೂ ತರಬೇಡಿ. ಹಿಂಡಿಯನ್ನು ಆಮೇಲೆ, ದಿನಕ್ಕಿಷ್ಟೆಂದು ಏರಿಸುತ್ತಾ ಹೋಗಬೇಕು. ಹಲಸಿನ ಸಿಪ್ಪೆ, ಊಟ ಮಿಕ್ಕಿದ ಅನ್ನ, ಅಕ್ಕಚ್ಚಿನ ಬಕೆಟ್ಟಿಗೆ ಸುರಿದ ಪಾಯಸ, ಇವೆಲ್ಲ ದೊಡ್ಡ ಹಸುವಿನ ಹೊಟ್ಟೆಯನ್ನೇ ಹುಳಿಯಾಗಿಸಿ ಉಬ್ಬರಿಸಬಲ್ಲವು. ಕರುವಿನ ಮೇಲಿನ ಪ್ರೀತಿಗೆ ಮನೆಯ ಮಕ್ಕಳು ಕೊಡುವುದು ಹೆಚ್ಚಾಗಿ ಇವನ್ನೇ, ಆದ್ದರಿಂದ ಅವರಿಗೆ ಮೊದಲೇ ತಿಳಿಸಿ ಹೇಳಬೇಕು.

ಕರುವಿನ ಅಡಿಗೆ ಒಣ ದರಕನ್ನು (ತರಗೆಲೆಯನ್ನು) ದಪ್ಪವಾಗಿ ಹಾಸಿ, ಒದ್ದೆಯಾದೊಡನೆ ಬದಲಿಸಿ. ಅದರ ಬಕೆಟ್ಟನ್ನು ಬೇರೆ ಇಟ್ಟು, ಆರೋಗ್ಯವಾಗಿರುವ ಕರುಗಳ ಕೆಲಸ ಮುಗಿದ ಮೇಲೆಯೇ ಇದರ ಬಳಿಗೆ ಹೋಗಿ, ಬಂದ ಕೂಡಲೇ ಸೋಪಿನಿಂದ ಕೈ ತೊಳೆಯಿರಿ, ಏಕೆಂದರೆ ಕರುವಿನ ಭೇದಿಯ ಕೆಲವು ರೋಗಾಣುಗಳು ಮನುಷ್ಯರಿಗೂ ಅಂಟುತ್ತವೆ.