ಹೊಳೆಗುಂಡಿಯ ಆಫ್ರಿಕನ್ ಮುಗುಡು: ಎಣಿಸುವ, ಹಿಡಿಯುವ, ಮರಳಿ ಬಾರದಂತೆ ತಡೆಯುವ ಕ್ರಮ

ಡಿಸೆಂಬರಿನಲ್ಲಿ ನೀರು ನಿಲ್ಲಿಸಲು ಹೊಳೆಯ ಕಟ್ಟಗಳಿಗೆ ಹಲಗೆ ಬಿದ್ದ ಮೇಲೆ ಕಾಸರಗೋಡಿನ ಪಯಸ್ವಿನಿ, ಶಿರಿಯ, ಉಪ್ಪಳ ಹೊಳೆಗಳ ಹರಿವು ಇಳಿಯುತ್ತ ಬಂದು, ಮಾರ್ಚಿನ ಹೊತ್ತಿಗೆ ಹೊಳೆಯೆಂದರೆ ಬಂಡೆಗಳ ನಡುವಿನ ಗುಂಡಿಗಳ ಸಾಲು ಅಷ್ಟೆ. ಆಫ್ರಿಕನ್ ಮುಗುಡು ಎಂಬ ಹೊರನಾಡಿನ ಮೀಸೆಮೀನನ್ನು ತೆಗೆಯಲು ಸಿಗುವ ಕಾಲ ಇದೊಂದೇ. ಮಳೆ ಹಿಡಿದರೆ ಅದು ತೋಡು ಹತ್ತಿ ಗದ್ದೆ, ತೋಟದ ಕಣಿಗಳಿಗೆ ಹರಡಿ ಮೊಟ್ಟೆಯಿಡುತ್ತದೆ. ಆಗ ಊರಿನ ಮೀನುಗಳೂ ಹತ್ತುವುದರಿಂದ ತೋಡಿಗೆ ಅಡ್ಡ ಕಟ್ಟಿ ಹಿಡಿಯಹೊರಟರೆ ಹಾನಿಯೇ ಹೆಚ್ಚು. ಆದ್ದರಿಂದ ಎಣಿಕೆ ಜನವರಿಯಲ್ಲಿ, ಹಿಡಿಯುವ ಕೆಲಸ ಫೆಬ್ರವರಿಯಿಂದ ಏಪ್ರಿಲ್ ಕೊನೆಯೊಳಗೆ. ಮೇ ತಿಂಗಳ ಅಡ್ಡಮಳೆಯನ್ನು ನಂಬಿ ಏನನ್ನೂ ಬಾಕಿ ಇಡಬಾರದು.

ಈ ಮೀನು 1990ರ ದಶಕದಲ್ಲಿ ಪರವಾನಗಿಯಿಲ್ಲದೆ ದೇಶದೊಳಗೆ ಬಂತು. ಅದನ್ನು ಸಾಕುವುದಕ್ಕೆ ನಿಷೇಧವಿದ್ದರೂ ಕದ್ದುಮುಚ್ಚಿ ಸಾಕಿದ ಕೆರೆಗಳಿಂದ ಹೊಳೆಗೆ ಸೇರುತ್ತಲೇ ಇದೆ. 2018ರ ನೆರೆಯ ನಂತರ ಕೇರಳದ ಹೊಳೆಗಳಲ್ಲಿ ಅರಪೈಮಾ, ಅಲಿಗೇಟರ್ ಗಾರ್‌ಗಳೂ ಕಾಣಿಸಿಕೊಂಡವು. ಅವು ಎಲ್ಲರ ಕಣ್ಣಿಗೆ ಬೀಳುವಂಥವು. ಮುಗುಡು ಹಾಗಲ್ಲ: ಹಗಲು ಕೆಸರಿನಲ್ಲಿ, ಬಂಡೆಯ ಪೊಟರೆಯಲ್ಲಿ ಮಲಗಿದ್ದು ರಾತ್ರಿ ಹೊರಟು ಮೀನುಮರಿ, ಕಪ್ಪೆ, ಸಿಗಡಿ, ಏಡಿ, ಸತ್ತದ್ದು, ಕೊಳೆತದ್ದು ಎಲ್ಲವನ್ನೂ ತಿನ್ನುತ್ತದೆ. ಒಂದು ಕೆ.ಜಿ. ತೂಕದ ಹೆಣ್ಣಿನಲ್ಲಿ ಹತ್ತಾರು ಸಾವಿರ ಮೊಟ್ಟೆ ಇರುತ್ತದೆ. ಪಯಸ್ವಿನಿಯ ಕಣಿವೆಯ ಮೇಲ್ಗಡೆ, ತೊಡಿಕಾನದಲ್ಲಿ, ದೇವರ ಮೀನುಗಳ ಗುಂಡಿ ಇದೆ. ಕೆಳಗಿನ ಗುಂಡಿಗಳಲ್ಲಿ ಇದನ್ನು ತಡೆಯುವುದು ಅಲ್ಲಿಯವರೆಗಿನ ಎಲ್ಲ ಮೀನುಗಳ ಹಿತಕ್ಕಾಗಿ.

ಮೊದಲು ಗುರುತು

ಇಲ್ಲಿ ತಪ್ಪಿದರೆ ಮಾಡಿದ್ದೆಲ್ಲ ಉಲ್ಟಾ. ನಮ್ಮ ಹೊಳೆಯದೇ ಆದ ಮುಗುಡು ಪಶ್ಚಿಮ ಘಟ್ಟದ ಮೀನು, ಈಗಾಗಲೇ ಕಡಿಮೆಯಾಗಿದೆ. ಎರಡಕ್ಕೂ ನಾಲ್ಕು ಜೊತೆ ಮೀಸೆ, ಎರಡಕ್ಕೂ ಬೆನ್ನುದ್ದ ಈಜುರೆಕ್ಕೆ, ಎರಡೂ ಗಾಳಿ ಉಸಿರಾಡುತ್ತವೆ. ಒದ್ದೆ ಗೋಣಿಚೀಲದ ಮೇಲೆ ಮೀನನ್ನು ಮಲಗಿಸಿ, ಟಾರ್ಚ್ ಬೆಳಕಿನಲ್ಲಿ ಈ ಕ್ರಮದಲ್ಲಿ ನೋಡಿ. ಮೈ ಬೂದುಬಣ್ಣವಿದ್ದು ಅಮೃತಶಿಲೆಯ ಮೇಲಿನಂತೆ ಕಪ್ಪು ಮಚ್ಚೆ ಹರಡಿದ್ದರೆ ಅನುಮಾನ ಪಡಬೇಕು. ಮಗುಚಿ ಹಾಕಿದಾಗ ತಲೆಯ ಅಡಿಭಾಗದಲ್ಲಿ, ಎಡಬಲಕ್ಕೆ ಒಂದೊಂದು ಕಪ್ಪು ಪಟ್ಟೆ ಕಂಡರೆ ಆಫ್ರಿಕನ್ ಎನ್ನಬಹುದು. 9 ಸೆಂ.ಮೀ.ಗಿಂತ ಸಣ್ಣ ಮರಿಯಲ್ಲಿ ಈ ಪಟ್ಟೆ ಇಲ್ಲದೆಯೂ ಇರಬಹುದು. ಎದೆಯ ಬದಿಯ ಮುಳ್ಳಿನ ಮೇಲೆ ಬೆರಳುಗುರು ಎಳೆಯಿರಿ: ಆಫ್ರಿಕನ್ ಮೀನಿನ ಮುಳ್ಳಿಗೆ ಹೊರ ಅಂಚಿನಲ್ಲಿ ಮಾತ್ರ ಗರಗಸದ ಹಲ್ಲು. ಕೊನೆಗೆ ಕಿವಿರಿನ ಮುಚ್ಚಳ ಎತ್ತಿ ನೋಡಿ. ಮೊದಲ ಕಮಾನಿನಲ್ಲಿ ಬಾಚಣಿಗೆಯಂತೆ ಒತ್ತಾಗಿ ನಿಂತ ಉದ್ದ ಹಲ್ಲುಗಳು ಎರಡು ಡಜನ್ನಿಗೂ ಮೇಲಿರುತ್ತವೆ, ಮೀನು ದೊಡ್ಡದಾದಷ್ಟೂ ಹೆಚ್ಚುತ್ತವೆ.

ಒಂದು ಗುರುತಿನ ಮೇಲೆ ತೀರ್ಮಾನ ಬೇಡ. ಅನುಮಾನ ಉಳಿದರೆ ತಲೆಯ ಮೇಲ್ಭಾಗ, ಅಡಿಭಾಗ, ಮುಳ್ಳು ಮೂರರ ಫೋಟೊ ತೆಗೆದು ಮೀನನ್ನು ನೀರಿಗೆ ಬಿಡಿ. ಒಂದು ಆಫ್ರಿಕನ್ ತಪ್ಪಿಸಿಕೊಂಡರೆ ನಾಳೆ ಸಿಗುತ್ತದೆ, ಊರಿನದನ್ನು ಕೊಂದರೆ ಹೋಯಿತು.

ಯಾರನ್ನು ಕೇಳಬೇಕು, ಯಾವುದನ್ನು ಮುಟ್ಟಬಾರದು

ಕೇರಳ ಮೀನುಗಾರಿಕೆ ಇಲಾಖೆಯ ಜಿಲ್ಲಾ ಕಚೇರಿಗೂ ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಬರವಣಿಗೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಿರಿ. ಹೊಳೆ ಕಾಡಿನೊಳಗೆ ಹರಿಯುವಲ್ಲಿ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಮದ್ದು ಹಾಕುವುದು, ತೋಟೆ ಸಿಡಿಸುವುದು, ಕರೆಂಟು ಬಿಡುವುದು 2010ರ ಕೇರಳ ಒಳನಾಡು ಮೀನುಗಾರಿಕೆ ಕಾಯ್ದೆಯಂತೆ ಅಪರಾಧ. ಅದಿರಲಿ, ಮದ್ದು ಈ ಕೆಲಸಕ್ಕೆ ಆಗುವುದೂ ಇಲ್ಲ: ಕಿವಿರಿನಿಂದಷ್ಟೇ ಉಸಿರಾಡುವ ಊರಿನ ಮೀನುಗಳು ಮೊದಲು ಸಾಯುತ್ತವೆ, ಮೇಲೆದ್ದು ಗಾಳಿ ಕುಡಿಯುವ ಮುಗುಡು ಉಳಿಯುತ್ತದೆ. ಮರುದಿನ ಅದಕ್ಕೆ ಖಾಲಿ ಗುಂಡಿ, ತಿನ್ನಲು ರಾಶಿ ಸತ್ತ ಮೀನು.

ಚಂದ್ರಗಿರಿಯಲ್ಲಿ, ಅಂದರೆ ಪಯಸ್ವಿನಿಯ ಕೆಳಹರಿವಿನಲ್ಲಿ, ಕೆಲಸ ಮಾಡುವವರಿಗೆ ಇನ್ನೂ ಒಂದು ಮಾತು. ಕ್ಯಾಂಟರನ ದೈತ್ಯ ಮೆದುಚಿಪ್ಪಿನ ಆಮೆ, ಜಗತ್ತಿನಲ್ಲೇ ತೀರ ವಿರಳವಾದದ್ದು, ಈ ಹೊಳೆಯಲ್ಲಿದೆ. ಮರಳಿನಲ್ಲಿ ಹುದುಗಿ ಮಲಗುವ ಇದು ಮಾಂಸ ಕಟ್ಟಿದ ಗಾಳಕ್ಕೂ ಬೀಳುತ್ತದೆ, ಮುಳುಗಿದ ಬಲೆಯಲ್ಲಿ ಉಸಿರುಕಟ್ಟಿ ಸಾಯುತ್ತದೆ. ನೀರುನಾಯಿಯ ಪಾಡೂ ಅದೇ. ಆದ್ದರಿಂದ ಕಂತುಬಲೆ ಕಟ್ಟಿ ಮನೆಗೆ ಹೋಗಿ ಮಲಗುವ ಪದ್ಧತಿ ಇಲ್ಲಿ ಬೇಡವೇ ಬೇಡ.

ಕೂಳಿ

ಒಳಹೊಕ್ಕ ಮೀನು ಹೊರಬರಲಾಗದ ಬಿದಿರಿನ ಹಳೆಯ ಬುಟ್ಟಿ, ಕೂಳಿಯ ತತ್ವವೇ, ಸಾಮಾನು ಬೇರೆ. 6 ಮಿ.ಮೀ. ಕಬ್ಬಿಣದ ಸರಳಿನಿಂದ 60 ಸೆಂ.ಮೀ. ಅಡ್ಡಳತೆಯ ನಾಲ್ಕು ಬಳೆ ಮಾಡಿಸಿ, 20 ಮಿ.ಮೀ. ಕಣ್ಣಿನ ಬಲೆ ಸುತ್ತಿ, ಒಂದೂವರೆ ಮೀಟರ್ ಉದ್ದಕ್ಕೆ ಎಳೆದು ಕಟ್ಟಬೇಕು. ಬಾಯಿಂದ ಒಳಕ್ಕೆ ಕಿರಿದಾಗುತ್ತ ಹೋಗುವ ಗಂಟಲು ಎರಡು ಇರಲಿ. ಹೊರಬಾಯಿಗೆ 8.5 ಸೆಂ.ಮೀ. ಚೌಕಗಳ ಕಬ್ಬಿಣದ ಜಾಲರಿ ಬಿಗಿಯಿರಿ. ನೀರುನಾಯಿ ಒಳಗೆ ಹೋಗದಂತೆ ತಡೆಯುವುದು ಇದೇ. ಈ ಜಾಲರಿಯಿಂದಾಗಿ ತೀರ ದೊಡ್ಡ ಮುಗುಡೂ ಒಳಬಾರದು. ಹಿಡಿತ ಕಡಿಮೆಯೆಂದು ಜಾಲರಿ ಬಿಚ್ಚುವವರಿದ್ದಾರೆ, ಬಿಚ್ಚಬೇಡಿ. ದೊಡ್ಡದಕ್ಕೆ ಗಾಳ ಇದೆ.

ಕೂಳಿಯನ್ನು 40 ಸೆಂ.ಮೀ. ನೀರಿರುವಲ್ಲಿ ಇಟ್ಟರೆ ಮೇಲೆ 20 ಸೆಂ.ಮೀ. ಗಾಳಿಯ ಜಾಗ ಉಳಿಯುತ್ತದೆ. ಒಳಗೆ ಸಿಕ್ಕ ಆಮೆಯ ಪ್ರಾಣ ಆ ಒಂದು ಗೇಣಿನಲ್ಲಿದೆ. ರಾತ್ರಿ ನೀರೇರಿದರೂ ಬಾಲದ ಬಳೆ ತೇಲಿ ನಿಲ್ಲುವಂತೆ ಮುಚ್ಚಳ ಬಿಗಿದ ಖಾಲಿ ಎರಡು ಲೀಟರ್ ಬಾಟಲಿ ಎರಡನ್ನು ಒಳಗಿನಿಂದ ಕಟ್ಟಿ. ಬಾಯಿ ದಡಕ್ಕೆ ಸಮಾನಾಂತರವಾಗಿ, ಬೇರುಗಳ ಅಥವಾ ಬಂಡೆಪೊಟರೆಯ ಪಕ್ಕ ಇರಲಿ. ರಾತ್ರಿ ಮುಗುಡು ದಡದಂಚು ಹಿಡಿದೇ ಸಾಗುತ್ತದೆ. ನಡುಗುಂಡಿಯಲ್ಲಿ ಇಟ್ಟರೆ ಏಡಿ ಮಾತ್ರ ಸಿಗುತ್ತದೆ.

ಇರೆ: 250 ಗ್ರಾಂ ಕೋಳಿಕರುಳು, ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಬಿಡಿಯಾಗಿ ಕಟ್ಟಿದರೆ ಸಣ್ಣ ಮೀನು ಒಂದೇ ಗಂಟೆಯಲ್ಲಿ ಮುಗಿಸುತ್ತದೆ, ವಾಸನೆ ಹರಡುವುದು ನಿಲ್ಲುತ್ತದೆ. 30 ಮೀಟರಿನ ಗುಂಡಿಗೆ ನಾಲ್ಕು ಕೂಳಿ ಸಾಕು. ಸಂಜೆ ಆರಕ್ಕೆ ಇಟ್ಟು, ರಾತ್ರಿ ಹತ್ತಕ್ಕೊಮ್ಮೆ ನೋಡಿ, ಬೆಳಗ್ಗೆ ಆರಕ್ಕೆ ಎತ್ತುವುದು. ಉಳಿದ ಇರೆಯನ್ನು ಹೊಳೆಗೆ ಎಸೆಯದೆ ಮಣ್ಣಿನಲ್ಲಿ ಹೂಳಿ.

ಗಾಳ

ಕೂಳಿಗೆ ಬಾರದ ದೊಡ್ಡವಕ್ಕೆ 5/0ರಿಂದ 7/0 ಅಳತೆಯ ದುಂಡು ಗಾಳ. ಅದು ತುಟಿಯ ಮೂಲೆಗೆ ಸಿಗುತ್ತದೆ, ಗಂಟಲಿಗಿಳಿಯುವುದು ಕಡಿಮೆ. ಇಕ್ಕುಳದಿಂದ ಗಾಳದ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ, ಬಿಡಿಸುವಾಗ ಸಲೀಸು. 2 ಮಿ.ಮೀ. ನೈಲಾನ್ ಹಗ್ಗಕ್ಕೆ 2 ಮೀಟರಿಗೊಂದರಂತೆ 25 ಗಾಳ, ಒಂದೊಂದಕ್ಕೂ 60 ಸೆಂ.ಮೀ. ದಾರ. ದಡದಲ್ಲಿ ಕೂತು ಕಾಯುವವರು ಇದ್ದಾಗ ಮಾತ್ರ, ಸಂಜೆ ಏಳರಿಂದ ಹನ್ನೊಂದರವರೆಗೆ, ಅರ್ಧ ಗಂಟೆಗೊಮ್ಮೆ ಹಗ್ಗ ಮುಟ್ಟಿ ನೋಡುತ್ತಿರಬೇಕು. ಚಂದ್ರಗಿರಿಯ ಮರಳು ಗುಂಡಿಗಳಲ್ಲಿ ಸಾಲುಗಾಳ ಬಿಡಬೇಡಿ, ಕೈಗಾಳ ಸಾಕು.

ಆಮೆ ಸಿಕ್ಕಿದರೆ ಎಳೆಯಬೇಡಿ. ಅದರ ಕುತ್ತಿಗೆ ಎಣಿಸಿದ್ದಕ್ಕಿಂತ ಉದ್ದ ಚಾಚುತ್ತದೆ, ಕಚ್ಚು ಬಲವಾದದ್ದು. ಚಿಪ್ಪಿನ ಹಿಂದಿನ ಅಂಚು ಹಿಡಿದು ಒದ್ದೆ ಗೋಣಿ ಹೊದಿಸಿ. ಗಾಳ ತುಟಿಯಲ್ಲಿ ಕಾಣುತ್ತಿದ್ದರೆ ಬಿಡಿಸಿ, ನುಂಗಿದ್ದರೆ ದಾರ ಕತ್ತರಿಸಿ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿ.

ಲೆಕ್ಕ

ಹಿಡಿದ ಮೀನಿನ ರಾಶಿಯ ಫೋಟೊದಿಂದ ಏನೂ ತಿಳಿಯುವುದಿಲ್ಲ. ಎಷ್ಟು ಕೂಳಿ, ಎಷ್ಟು ರಾತ್ರಿ ಇಟ್ಟಿದ್ದಕ್ಕೆ ಎಷ್ಟು ಸಿಕ್ಕಿತು ಎಂಬುದೇ ಲೆಕ್ಕ. ನಾಲ್ಕು ಕೂಳಿ ಒಂದು ರಾತ್ರಿ ಎಂದರೆ ನಾಲ್ಕು ಕೂಳಿ-ರಾತ್ರಿ. ಏನೂ ಸಿಗದ ರಾತ್ರಿಯನ್ನೂ ಬರೆಯಲೇಬೇಕು. ಹೆಚ್ಚಿನವರು ಸೊನ್ನೆ ಬರೆಯುವುದಿಲ್ಲ, ಹಾಗಾಗಿ ಮೀನು ಕಡಿಮೆಯಾದದ್ದೇ ಅವರಿಗೆ ಕಾಣುವುದಿಲ್ಲ. ಪ್ರತಿ ಮೀನಿಗೂ ಉದ್ದ, ತೂಕ, ಗಂಡೋ ಹೆಣ್ಣೋ, ಹೊಟ್ಟೆಯಲ್ಲಿ ಏನಿತ್ತು ಎಂದು ಬರೆಯಿರಿ. ಹೊಟ್ಟೆ ಸೀಳಿದಾಗ ಕೋಳಿಗರಿ, ಕರುಳು ಕಂಡರೆ ಮೇಲ್ಗಡೆ ಯಾರೋ ಕೋಳಿತ್ಯಾಜ್ಯ ಸುರಿಯುತ್ತಿದ್ದಾರೆ ಎಂದರ್ಥ. ಅದನ್ನು ಪಂಚಾಯತಿಗೆ ತಿಳಿಸಿ ನಿಲ್ಲಿಸದೆ ಕೂಳಿ ಇಟ್ಟು ಪ್ರಯೋಜನ ಕಡಿಮೆ.

ಒಂದೇ ಗುಂಡಿಯಲ್ಲಿ, ಅದೇ ಕೂಳಿಗಳನ್ನು ಅದೇ ಜಾಗದಲ್ಲಿ ಮೂರು ರಾತ್ರಿ ಬಿಡದೆ ಇಟ್ಟರೆ ಎಷ್ಟು ಉಳಿದಿದೆ ಎಂದೂ ಅಂದಾಜಿಸಬಹುದು. ಉದಾಹರಣೆಗೆ 18, 11, 6 ಸಿಕ್ಕಿದೆ ಎನ್ನೋಣ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಆ ರಾತ್ರಿಗೆ ಮೊದಲು ತೆಗೆದದ್ದರ ಮೊತ್ತ (0, 18, 29), ಉದ್ದಕ್ಕೆ ಆ ರಾತ್ರಿ ಸಿಕ್ಕಿದ್ದು. ಮೂರು ಚುಕ್ಕೆಗಳ ನಡುವೆ ಹಾಯುವ ನೇರಗೆರೆ ಅಡ್ಡಗೆರೆಯನ್ನು ಮುಟ್ಟುವ ಜಾಗ ಸುಮಾರು 44. ತೆಗೆದದ್ದು 35, ಇನ್ನೂ ಒಂಬತ್ತರಷ್ಟು ಒಳಗಿದೆ. ಆದರೆ ಇದು ಕೂಳಿಗೆ ಬೀಳುವ ಗಾತ್ರದವುಗಳ ಲೆಕ್ಕ ಮಾತ್ರ. ನಡುವೆ ಮಳೆ ಬಂದು ಗುಂಡಿಗಳು ಕೂಡಿಕೊಂಡರೆ ಲೆಕ್ಕ ಕೆಟ್ಟಿತು, ಮೊದಲಿಂದ ಶುರು.

ಹಿಡಿದ ಮೇಲೆ

ದಡದಲ್ಲಿ ಎಸೆದರೆ ಸಾಯುತ್ತದೆ ಎಂದುಕೊಳ್ಳಬೇಡಿ. ಒದ್ದೆ ಹುಲ್ಲಿನಲ್ಲಿ ಗಂಟೆಗಟ್ಟಲೆ ಬದುಕಿ ತೆವಳಿ ನೀರಿಗೆ ಸೇರುತ್ತದೆ. ಎದೆಮುಳ್ಳು ಚುಚ್ಚಿದರೆ ನೋವು ಬಹಳ, ದಪ್ಪ ಗ್ಲೌಸ್ ಹಾಕಿಕೊಳ್ಳಿ. ತಲೆಬುರುಡೆ ಕಲ್ಲಿನಂತೆ ಗಟ್ಟಿ, ಮರದ ಕೊಡತಿಯಿಂದ ಕಣ್ಣುಗಳ ಹಿಂದೆ ಒಂದೇ ಬಲವಾದ ಏಟು ಹಾಕಿ ಕೂಡಲೇ ಮೊನೆಯಿಂದ ಮಿದುಳು ಚುಚ್ಚಬೇಕು. ಹೊಡೆಯಲು ಕೈಬಾರದವರು 10 ಲೀಟರ್ ನೀರಿಗೆ 4 ಮಿ.ಲೀ. ಲವಂಗದೆಣ್ಣೆಯನ್ನು ಸ್ಪಿರಿಟ್‌ನಲ್ಲಿ ಕದಡಿ ಬೆರೆಸಿ, ಮುಚ್ಚಿ ಒಂದು ಗಂಟೆ ಇಡಲಿ. ಕಿವಿರು ನಿಂತ ಮೇಲೂ ಹತ್ತು ನಿಮಿಷ ಕಾಯಬೇಕು. ಆ ನೀರು ಹೊಳೆಗೆ ಹೋಗಬಾರದು, ಆ ಮೀನು ತಿನ್ನುವುದಕ್ಕಲ್ಲ. ಜೀವಂತ ಮೀನನ್ನು ಯಾರಿಗೂ ಕೊಡಬೇಡಿ. ತೋಡಿನಿಂದ ದೂರ, ಮೂರಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂತು ಮೇಲೆ ಕಲ್ಲು ಹೇರಿ, ಇಲ್ಲದಿದ್ದರೆ ಹಂದಿ ಅಗೆಯುತ್ತದೆ.

ಮೂಲ ಇರುವುದು ದಡದ ಮೇಲೆ

ಹೊಳೆ ಖಾಲಿ ಮಾಡಿದ ಮರುವರ್ಷವೇ ಮೀನು ತುಂಬಿದರೆ ಪಕ್ಕದ ಅಡಕೆತೋಟದ ಕೆರೆ, ಮುರಕಲ್ಲಿನ ಹಳೆಯ ಕೋರೆ ಹುಡುಕಿ. ಯಜಮಾನರನ್ನು ಒಪ್ಪಿಸಿ, ಏಪ್ರಿಲಿನಲ್ಲಿ ಪಂಪು ಹಾಕಿ ನೀರು ತೆಗೆಯಬೇಕು. ನೀರು ಹೊಳೆಗಲ್ಲ, ತೋಟಕ್ಕೆ, ಪಂಪಿನ ಬಾಯಿಗೆ ಸೊಳ್ಳೆಪರದೆ ಕಟ್ಟಿ. ಕೆಸರಿನಲ್ಲಿ ಹುದುಗಿದ್ದು ಎರಡು ದಿನ ಬಿಟ್ಟು ತಲೆಯೆತ್ತುತ್ತದೆ, ಆದ್ದರಿಂದ ತಳ ಬಿರಿಯುವ ತನಕ ಒಣಗಲು ಬಿಡಿ. ಒಣಗದ ಹೊಂಡ ಉಳಿದರೆ, ಹೊಳೆಗೆ ಸಂಪರ್ಕವೇ ಇಲ್ಲದಿದ್ದಲ್ಲಿ ಮಾತ್ರ, ಒಂದು ಸೆಂಟ್ಸ್ ಜಾಗದ ಒಂದು ಮೀಟರ್ ನೀರಿಗೆ 2 ಕೆ.ಜಿ. ಲೆಕ್ಕದಲ್ಲಿ ಬ್ಲೀಚಿಂಗ್ ಪೌಡರ್ ಹಾಕಬಹುದು. ಹತ್ತು ದಿನ ಆ ನೀರು ಹೊರಹೋಗಬಾರದು. ತೂಬಿಗೆ ಎರಡು ಪದರ ಜಾಲರಿ, ಬದುವಿನ ಎತ್ತರ ನೆರೆಮಟ್ಟಕ್ಕಿಂತ ಒಂದಡಿ ಮೇಲೆ.

ಮತ್ತೆ ಡಿಸೆಂಬರಿನಲ್ಲಿ ಹಲಗೆ ಬಿದ್ದಾಗ ಅದೇ ಗುಂಡಿ, ಅದೇ ನಾಲ್ಕು ಕೂಳಿ, ಮೂರು ರಾತ್ರಿ. ದೊಡ್ಡವು ಒಂದೆರಡೇ ಸಿಕ್ಕಿದರೆ ಹಿಂದಿನ ಸಲ ಉಳಿದವು ಅಥವಾ ಕೆಳಗಿನ ಗುಂಡಿಯಿಂದ ಬಂದವು. 20 ಸೆಂ.ಮೀ. ಆಸುಪಾಸಿನ ಮರಿಗಳೇ ತುಂಬಿದ್ದರೆ ಕಳೆದ ಮಳೆಯಲ್ಲಿ ಎಲ್ಲೋ ಮೊಟ್ಟೆಯಿಟ್ಟಿದೆ. ಆಗ ಕೂಳಿ ಬದಿಗಿಟ್ಟು, ಆ ಗುಂಡಿಗೆ ಸೇರುವ ಒಂದೊಂದು ತೋಡನ್ನೂ ಮೇಲಕ್ಕೆ ನಡೆದು ಕೆರೆಗಳನ್ನು ನೋಡುತ್ತ ಹೋಗಿ.